ಹಣಿ ತೊಗಲಿನ ಮೂಗು

ನಾ ಬಾಗಲಕೋಟಿ ನವನಗರದ ಒಂದು ದವಾಖಾನ್ಯಾಗ ಪ್ಲಾಸ್ಟಿಕ್ ಸರ್ಜನ್ ಅದೇನಿ. ಇವತ್ತರೆ ಪೇಷಂಟ್ ಮುಂದ ನಗಬಾರದು ಅಂತ ದಿನಾ ಮುಂಜಾನಿ ಗಟ್ಟಿ ಮನಸ್ಸು ಮಾಡಿ ಹೋಗ್ತೇನಿ. ಮಧ್ಯಾಹ್ನದ ಊಟದ ಹೊತ್ತಿನೊಳಗ ಯಾರರೆ ಒಬ್ರು ಬಂದು ಅದನ್ನ ಕೆಡಿಸೇ ಹೋಗ್ತಾರ.

ಅಜ್ಜನ ಒಂದ ಪ್ರಶ್ನಿ

ಬೇವೂರಿನ ಅಜ್ಜ ಒಬ್ಬ ಬಂದ. ಮೂಗಿನ ಮ್ಯಾಲ ಕೆಟ್ಟ ಗಂಟು ಆಗಿ, ಅದನ್ನ ತಗಿಯೂವಾಗ ಅರ್ಧಾ ಮೂಗೂ ಹೋಗಿತ್ತು. ಅವತ್ತಿನಿಂದ ಮಾರಿಗೆ ಟಾವೆಲ್ ಸುತಗೊಂಡ ಅಡ್ಡಾಡ್ತಿದ್ದ. ಸಂತಿ ಬಿಟ್ಟಿದ್ದ, ಕಟ್ಟಿ ಮ್ಯಾಲ ಕುಂಡ್ರೂದು ಬಿಟ್ಟಿದ್ದ. ಈಗ ಅಂವ ಸಾಕಿ ಬೆಳೆಸಿದ ಮೊಮ್ಮಗಳ ನಿಶ್ಚಯದ ದಿನ ಗೊತ್ತಾಗಿತ್ತು. ಗಂಡಿನವರು ಹುನಗುಂದದವರು. ಹೆಣ್ಣಿನ ಕಡಿಂದ ಒಮ್ಮೆ ದಿನ ಮುಂದ ಹಾಕಿದ್ರು. ಇನ್ನೊಮ್ಮೆ ಮುಂದ ಹಾಕಿದ್ರ ಬ್ಯಾರೆ ಹೆಣ್ಣು ನೋಡ್ತೀವಿ ಅಂತ ಗಂಡಿನವರು ಮಾರಿ ಮ್ಯಾಲ ಹೇಳಿದ್ರು.

"ಅಜ್ಜ ಮುಂದ ಕುಂಡ್ರದಿದ್ರ ನಾನೂ ಕುಂಡ್ರೂದಿಲ್ಲ" ಅಂತ ಹುಡುಗಿ ಹಠ. "ಮೂಗಿಲ್ಲದ ಮಾರಿ ತಗೊಂಡು ನಾ ಬೀಗರ ಮುಂದ ಬರೂದಿಲ್ಲ" ಅಂತ ಅಜ್ಜನ ಹಠ. ಹುಡುಗಿಗೆ ಆ ಹುಡುಗ ಮನಸ್ಸಿಗೆ ಬಂದಿದ್ದ ಅನ್ನೂದು ಅಕಿ ಮಾರಿ ನೋಡಿದ್ರ ತಿಳೀತಿತ್ತು. ಒಟ್ಟಿನಾಗ ಆ ಸಂಬಂಧ ಉಳಿಯೂದು ಮುರಿಯೂದು ನನ್ನ ಸೂಜಿ ಮ್ಯಾಲ ಬಂದು ನಿಂತಿತ್ತು.

ಮೂಗು ಮಾಡೂ ರೀತಿ ಭಾಳ ಹಳೇದು. ಹಣಿ ತೊಗಲನ್ನ ಮೂಗಿನ ಆಕಾರಕ್ಕ ಬಿಡಿಸಿ, ಹುಬ್ಬಿನ ಹಂತ್ಯಾಕ ಒಂದು ದಂಟು ಹಂಗ ಉಳಿಸಿ, ತಿರುವಿ ಕೆಳಗಿಳಿಸಿ ಮೂಗಿನ ಜಾಗಾಕ್ಕ ಹೊಲಿಯೂದು. ಮೂರು ವಾರ ಆ ದಂಟಿನಿಂದನ ರಕ್ತ ಬರಬೇಕು, ಆಮ್ಯಾಲ ದಂಟು ಕತ್ತರಿಸ್ತೀವಿ. ನಿಶ್ಚಯದ ದಿನ ಸರಿಯಾಗಿ ಆ ಮೂರು ವಾರದ ನಡುವ ಬಂದು ಬಿತ್ತು.

"ಚಿಂತಿ ಮಾಡಬ್ಯಾಡಜ್ಜಾ. ದಂಟಿನ ಮ್ಯಾಲ ಪಟ್ಟಿ ಕಟ್ತೇನಿ, ಹಣಿ ಮುಚ್ಚೂವಂಗ ರುಮಾಲು ಸುತ್ತು. ಮೂಗಿನ ತುದಿ ಅಷ್ಟ ಹೊರಗ ಕಾಣ್ತೈತಿ" ಅಂದೆ.

ಅಜ್ಜ ಹಣಿ ಮ್ಯಾಲ ಕೈ ಆಡಿಸಿದ. ನೋವಿನ ಬಗ್ಗೆ ಕೇಳ್ತಾನ, ಜೀವದ ಬಗ್ಗೆ ಕೇಳ್ತಾನ ಅಂತ ನಾ ತಯಾರಾಗಿ ಕುಂತಿದ್ದೆ.

"ಎಲ್ಲಾ ಖರೆ ಯವ್ವಾ. ಈ ಹಣಿಗೆ ಸಣ್ಣವಿದ್ದಾಗಿಂದ ವಿಭೂತಿ ಹಚ್ಚೇನಿ. ಇನ್ನ ಮ್ಯಾಲ ಇದಕ್ಕ ನೆಗಡಿ ಬರ್ತೈತೇನು?"

ನಾ ತುಟಿ ಕಚ್ಚಿ ನಗು ತಡಕೊಂಡೆ. "ಬರ್ತೈತಜ್ಜಾ" ಅಂದೆ.

"ಹಂಗಾದ್ರ ಒರಸೂಕಿಂತ ಮದಲ ಒಂದು ಕೈ ಮುಗದು ಒರಸ್ತೇನಿ, ಆತಲ್ಲ?" ಅಂದು ಆಪರೇಷನ್ನಿಗೆ ಒಪ್ಪಿದ.

ಹತ್ತಕ್ಕ ಹತ್ತು

ಅಜ್ಜ ಆಪರೇಷನ್ ಆಗಿ ವಾರ್ಡಿನಾಗಿದ್ದಾಗ ನನ್ನದೊಂದು ಸಂಶೋಧನಾ ನಡದಿತ್ತು. ಯಾವ ಹೊಲಿಗಿ ಹಾಕಿದ್ರ ಗಾಯದ ಕಲಿ ಕಡಿಮಿ ಉಳೀತೈತಿ ಅಂತ ನೋಡೂದು. ಅದರಾಗ ಪೇಷಂಟ್ ಮಾತೂ ಮುಖ್ಯ. "ಈ ಕಲಿಯಿಂದ ನಿಮಗ ಎಷ್ಟು ತ್ರಾಸ ಐತಿ, ಹತ್ತರಾಗ ಹೇಳ್ರಿ" ಅಂತ ಕೇಳಬೇಕು. ಏನೂ ತ್ರಾಸ ಇಲ್ಲಂದ್ರ ಸೊನ್ನಿ, ತಡಿಯಾಕ ಆಗೂದಿಲ್ಲಂದ್ರ ಹತ್ತು.

ಬಾದಾಮಿಯಿಂದ ಒಬ್ರು ರಿಟೈರ್ಡ್ ಮಾಸ್ತರು ಬಂದ್ರು. ಗಲ್ಲದ ಮ್ಯಾಲಿನ ಕಲಿ ಹುಡುಕಾಕ ನಾನ ಚಾಳೀಸು ಹಾಕ್ಕೋಬೇಕಾತು, ಅಷ್ಟು ಚಂದ ಕೂಡಿತ್ತು. ನನಗ ಒಳಗೊಳಗ ಹೆಮ್ಮಿ.

"ಎಷ್ಟು ಕೊಡ್ತೀರಿ ಸರ್?"

"ಹತ್ತಕ್ಕ ಹತ್ತು!"

"ಅಯ್ಯ, ಹತ್ತಂದ್ರ ಭಾಳ ತ್ರಾಸ ಅಂತ ಅರ್ಥ ಆಗ್ತೈತ್ರಿ. ನಿಮಗ ತ್ರಾಸ ಇಲ್ಲಲ್ಲ, ಸೊನ್ನಿ ಹೇಳ್ರಿ."

ಮಾಸ್ತರು ಎದ್ದ ನಿಂತ್ರು. "ಸೊನ್ನಿ? ನಿಮಗ? ಇಷ್ಟು ಚಲೋ ಕೆಲಸಕ್ಕ? ಜನ್ಮದಾಗ ಶತದಡ್ಡರಿಗೂ ನಾ ಸೊನ್ನಿ ಕೊಟ್ಟಾವಲ್ರಿ. ನನ್ನ ಕೈಲೆ ಆಗೂದಿಲ್ಲ."

ನಾ ಮತ್ತ ತಿಳಿಸಿ ಹೇಳ್ದೆ. ಅವರು ಮತ್ತ ಬ್ಯಾಡಂದ್ರು. ಕಡೀಕ ನನ್ನ ಮ್ಯಾಲ ಕನಿಕರ ಪಟ್ಟು, "ಹೋಗ್ಲಿ, ಎಂಟು ಬರ್ಕೋರಿ. ಹೊಲಿಗಿ ಬಿಚ್ಚೂವಾಗ ಚುರ್ ಅಂದಿತ್ತು, ಅದಕ್ಕ ಎರಡು ಕಟ್ ಮಾಡೇನಿ" ಅಂದ್ರು.

ಬಂದವರೆಲ್ಲಾ ಹಿಂಗ. ಯಾರೂ ಎಂಟಕ್ಕಿಂತ ಕೆಳಗ ಇಳೀಲಿಲ್ಲ. ಒಬ್ಬವ ಮಾತ್ರ, ಅಂವಗ ಖರೇನ ಕಲಿ ಉಬ್ಬಿತ್ತು, ನನ್ನ ಮ್ಯಾಲ ಕೆಂಡದಂಥ ಸಿಟ್ಟು. "ಏನ ಡಾಕ್ಟರ್ಕಿ ಕಲ್ತೀರಿ ನೀವು? ನಿಮಗ ಸೊನ್ನಿ! ಹೋಗ್ರಿ!" ಅಂತ ಬಾಗಲಾ ಬಡದು ಹೋದ. ನನ್ನ ಲೆಕ್ಕದಾಗ ಈಗ ಇಡೀ ಬಾಗಲಕೋಟಿ ಜಿಲ್ಲಾಕ್ಕ ಸುಖದಿಂದ ಇರೂ ಪೇಷಂಟ್ ಅಂವ ಒಬ್ಬನ.

ಹೆಬ್ಬೆರಳಿನ ಬಸಿರು

ಅಜ್ಜನ ಬಾಜೂ ಕಾಟಿಗೆ ಇಳಕಲ್ಲಿನ ಒಬ್ಬಾಕಿ ಹೆಣ್ಮಗಳು ಬಂದ್ಲು. ಖಾರದ ಗಿರಣಿ ಬೆಲ್ಟಿಗೆ ಸಿಕ್ಕು ಬಲಗೈ ಹೆಬ್ಬೆರಳು ಹೋಗಿತ್ತು. ನಾವು ಅಕಿ ಕಾಲಿನ ಎರಡನೇ ಬೆರಳು ತಗದು ಕೈಗೆ ಕೂಡಿಸಿದ್ವಿ. ಕೂದಲೆಳಿಯಂಥ ದಾರದಿಂದ ರಕ್ತನಾಳ ಹೊಲಿಯೂ ಕೆಲಸ. ಅದಾದ ಮ್ಯಾಲ ತಾಸಿಗೊಮ್ಮೆ ಒಂದು ಸಣ್ಣ ಯಂತ್ರ ಬೆರಳಿಗೆ ಹಿಡಿದು, ಒಳಗ ರಕ್ತ ಓಡೂ ಸಪ್ಪಳ ಕೇಳಬೇಕು. ಬಸರಿ ಹೊಟ್ಟಿ ಮ್ಯಾಲ ಕೂಸಿನ ಎದಿ ಬಡಿತ ಕೇಳೂದೂ ಅಂಥಾದ ಯಂತ್ರದಾಗ.

ಸಿಸ್ಟರ್ ಯಂತ್ರ ಹಿಡಿದ್ಲು. ಢುಪ್ ಢುಪ್ ಢುಪ್ ಅಂತ ವಾರ್ಡೆಲ್ಲಾ ಕೇಳಿಸ್ತು. ಆ ಹೆಣ್ಮಗಳ ಅತ್ತಿ ಕುಂತಲ್ಲಿಂದ ಜಿಗದು ಎದ್ಲು. ಹೋದ ತಿಂಗಳನ ಬಸರಿ ಮಗಳ ತಪಾಸಣಿಗೆ ಹೋಗಿ ಈ ಸಪ್ಪಳ ಕೇಳಿ ಬಂದಾಕಿ. ನೆಟ್ಟಗ ಹೊರಗ ಓಡಿ, ಮಗಗ ಫೋನ್ ಹಚ್ಚಿ, "ಲೇ, ಸಕ್ಕರಿ ಹಂಚಲೇ! ಕೂಸು ನಿಂತೈತಿ! ಹೆಬ್ಬೆರಳಿನಾಗ ನಿಂತೈತಂತ!" ಅಂತ ಒದರಿದ್ಲು.

ನಾ ಓಡಿ ಹೋಗಿ ತಿಳಿಸಿ ಹೇಳೂದರಾಗ ಇಳಕಲ್ಲಿನ ಒಂದು ಓಣಿಗೆ ಸಕ್ಕರಿ ಹಂಚಿ ಆಗಿತ್ತು. ಇಷ್ಟೊತ್ತು ಕಣ್ಣು ಮುಚ್ಚಿ ಮಲಗಿದ್ದ ನಮ್ಮ ಅಜ್ಜ, ಮೂಗಿನ ಪಟ್ಟಿ ಒಳಗಿಂದನ ಸಿಸ್ಟರಿಗೆ ಹೇಳಿದ: "ಹೆರಿಗಿಗೆ ಉಗುರು ಕತ್ತರಿಸಿದ್ರ ಸಾಕಾಗ್ತೈತೇನೋ ಬೇ."

ಕಾಲುಂಗ್ರ

ಬೆರಳು ಚಲೋ ಹಿಡೀತು. ಡಿಸ್ಚಾರ್ಜ್ ದಿನ ನೋಡ್ತೇನಿ, ಅತ್ತಿ ಬೆಳ್ಳಿ ಕಾಲುಂಗ್ರ ತಂದು ಆ ಹೊಸಾ ಹೆಬ್ಬೆರಳಿಗೆ ಹಾಕಾಕ ಹತ್ಯಾಳ!

"ಅಯ್ಯ ಯವ್ವಾ, ತಗೀರಿ! ಬೆರಳು ಬಾತರ ರಕ್ತ ನಿಂತ ಹೋಗ್ತೈತಿ!"

"ಮತ್ತ ಕಾಲುಂಗ್ರ ಎಲ್ಲಿ ಹಾಕೂದ್ರಿ? ಅದನ್ನ ಹಾಕೂದು ಇದ ಬೆರಳಿಗೆ ಅಲ್ಲೇನ್ರಿ? ಬೆರಳು ಎಲ್ಲಿ ಹೋಗ್ತೈತೋ ಉಂಗ್ರಾನೂ ಅಲ್ಲೇ ಹೋಗಬೇಕು. ಗಂಡ ಇದ್ದಾಕಿ, ಒಂದ ಕಾಲಾಗ ಹಾಕ್ಕೊಂಡು ಅಡ್ಡಾಡಿದ್ರ ಓಣ್ಯಾಗ ಏನಂತಾರ?"

ವಾದಾ ಮಾಡಿ ಮಾಡಿ ನನಗ ಸಾಕಾತು. ಬಾವು ಪೂರ್ತಿ ಇಳದ ಮ್ಯಾಲ ಸಡ್ಲಂದು ಹಾಕ್ರಿ ಅಂತ ಒಪ್ಪಿ ಕಳಿಸಿದೆ.

ಕೆಲವು ತಿಂಗಳ ಮ್ಯಾಲ ತಪಾಸಣಿಗೆ ಬಂದಾಗ ಗಂಡನೂ ಜೋಡಿ ಬಂದಿದ್ದ. ಮಾರಿ ಸಣ್ಣದು ಮಾಡ್ಕೊಂಡು, "ಮೇಡಮ್ರೀ, ದಿನಾ ಮುಂಜಾನಿ ಅಕಿ ಚಾ ಕೊಡ್ತಾಳ. ಕಪ್ಪಿನ ಮ್ಯಾಲ ಕಾಲುಂಗ್ರ ಕಾಣ್ತೈತಿ. ಕಾಲಿಲೆ ಚಾ ಕೊಟ್ಟಂಗ ಆಗ್ತೈತ್ರಿ" ಅಂದ.

ಹೇಣ್ತಿ ತಿರುಗಿ ನೋಡಿದ್ಲು. "ಬ್ಯಾಡಾದ್ರ ಬಿಡ್ರಿ. ಇನ್ನೊಂದು ಕಾಲಾಗೂ ಉಂಗ್ರ ಐತಿ, ಅದರಲೆ ಏನ ಕೊಡಬೇಕೋ ಅದನ್ನ ಕೊಡ್ತೇನಿ."

ನಿಶ್ಚಯ

ಇತ್ತ ಅಜ್ಜನ ದಂಟು ಕತ್ತರಿಸೂಕಿಂತ ಮದಲನ ಬಂದ ನಿಶ್ಚಯಕ್ಕ ನಾನೂ ಬೇವೂರಿಗೆ ಹೋದೆ. ಹೊಸಾ ಮೂಗು ಕಟಗೊಂಡ ಮನಷಾನ್ನ ಒಬ್ಬವನ್ನ ಬಿಡಾಕ ನನಗ ಧೈರ್ಯ ಇರಲಿಲ್ಲ. ಅಜ್ಜ ರುಮಾಲು ಹುಬ್ಬಿನತನಕ ಇಳಿಸಿ, ಇಸ್ತ್ರಿ ಅಂಗಿ ಹಾಕ್ಕೊಂಡು, ಭಾಳ ದಿನದ ಮ್ಯಾಲ ಟಾವೆಲ್ ಇಲ್ಲದ ಕುಂತಿದ್ದ. ಅಂವನ್ನ ಹಂಗ ನೋಡಿ ಮೊಮ್ಮಗಳ ಕಣ್ಣಾಗ ನೀರು ಬಂದ್ವು. ಆಪರೇಷನ್ ಸುದ್ದಿ ಬೀಗರಿಗೆ ಹೇಳಬಾರದು ಅಂತ ಅಜ್ಜ ಎಲ್ಲಾರ ಕಡಿಂದ ಆಣಿ ತಗೊಂಡಿದ್ದ. ಪಟ್ಟಿ ಯಾಕ ಅಂದ್ರ ಬಾಗಲಾ ಬಡೀತು ಅನ್ನೂದು.

ಚಪ್ಪರದಾಗ ಮಾದ್ಲಿ, ತುಪ್ಪ, ಬಾಳಿಹಣ್ಣು. ಅವಕ್ಕ ತಕ್ಕಷ್ಟು ನೊಣ. ಹುಡುಗನ ಸೋದರಮಾವ, ಮೀಸಿ ಗತ್ತಿನ ಮನಷಾ, ಎದ್ದು ನಿಂತು ಸುರು ಮಾಡಿದ್ರು.

"ನಮ್ಮ ಹುಡುಗ ಡಿಪ್ಲೊಮಾ ಮಾಡ್ಯಾನ."

ಟಪ್! ಅಜ್ಜ ಹಣಿ ಬಡಕೊಂಡ. ಹಣ್ಯಾಗ ಗಾಯ ಇತ್ತಲ್ಲ, ಅದಕ್ಕ "ಅಯ್ಯೋ ಶಿವನ!" ಅಂತ ನರಳಿದ.

ಮಾವಾರು ಒಂದ ಕ್ಷಣ ನಿಂತು, "ಹುನಗುಂದದಾಗ ಸ್ವಂತ ಮೋಟಾರ್ ರಿಪೇರಿ ಅಂಗಡಿ ಹಾಕ್ಯಾನ" ಅಂದ್ರು.

ಟಪ್! "ಅಯ್ಯಯ್ಯೋ!"

"ಕುಡಿಯೂದಿಲ್ಲ, ಗುಟ್ಕಾ ತಿನ್ನೂದಿಲ್ಲ."

ಟಪ್! ಟಪ್! "ಏನ ಮಾಡ್ಲಿ ಶಿವನ!"

ಹುಡುಗನ ಅವ್ವನ ಮಾರಿ ಕೆಂಪಾತು. ಮಾವಾರು ಮೀಸಿ ತಿರುವಿ, "ಏನ್ರಿ ಅಜ್ಜಾರ, ನಮ್ಮ ಹುಡುಗನ್ನ ನೋಡಿ ಹಣಿ ಹಣಿ ಬಡಕೊಳ್ಳಾಕ ಹತ್ತೀರಿ! ಏನ ಕಮ್ಮಿ ಆಗೈತಿ ಅಂವಗ? ಏಳ್ರಿ ಎಲ್ಲಾರೂ, ಗಾಡಿ ಹತ್ರಿ!" ಅಂತ ಗುಡುಗಿದ್ರು. ಬೀಗರೆಲ್ಲಾ ಎದ್ರು. ಮೊಮ್ಮಗಳು ನನ್ನ ಕೈ ಗಟ್ಟ್ಯಾಗಿ ಹಿಡಕೊಂಡ್ಲು. ಅಜ್ಜಗ ಏನೂ ತಿಳೀವಲ್ದು, ಬಾಯಿ ತಕ್ಕೊಂಡು ಕುಂತಾನ.

ಆಗ ನನ್ನ ಕಣ್ಣಿಗೆ ಬಿತ್ತು. ಅಜ್ಜನ ಮೂಗಿನ ತುದಿ ಮ್ಯಾಲ ಒಂದು ನೊಣ ಆರಾಮ ಕುಂತಿತ್ತು.

"ನಿಂದರ್ರೀ!" ಅಂತ ಚೀರಿದೆ. "ಅಜ್ಜಾ, ನಾ ಆಣಿ ಮುರೀತೇನಿ, ಸಿಟ್ಟಾಗಬ್ಯಾಡ. ಮಾವಾರ, ಆ ಮೂಗು ಹಣಿ ತೊಗಲಿನಾಗ ಮಾಡಿದ್ದು. ತೊಗಲಿನ ಜೋಡಿ ಅದರ ನರಾನೂ ಕೆಳಗಿಳದೈತಿ. ನಮ್ಮ ನವನಗರದಾಗ ಹಿನ್ನೀರಿಗೆ ಮನಿ ಮುಳುಗಿ ಬಂದ ಮುಳುಗಡಿ ಮಂದಿನ್ನ ನಿಮ್ಮ ಮನಿ ಎಲ್ಲೆ ಅಂತ ಕೇಳ್ರಿ, ಇನ್ನೂ ಹಳೇ ಬಾಗಲಕೋಟಿ ಓಣಿ ಹೇಳ್ತಾರ. ಈ ತೊಗಲೂ ಹಂಗ. ನೊಣ ಕುಂಡ್ರೂದು ಮೂಗಿನ ಮ್ಯಾಲ, ಅಜ್ಜಗ ತಿಳಿಯೂದು ಹಣಿ ಮ್ಯಾಲ. ಅಂವ ಹೊಡ್ಯಾಕ ಹತ್ತಿದ್ದು ನೊಣಾನ್ರಿ!"

"ನಮ್ಮನ್ನೇನ ಹುಚ್ಚರ ಅಂತ ತಿಳದೀರೇನ್ರಿ?"

"ನೀವ ನೋಡ್ರಿ" ಅಂತ ಅಜ್ಜನ ಕಣ್ಣಿಗೆ ಯಾರದೋ ಟಾವೆಲ್ ಸಡ್ಲಾಗಿ ಕಟ್ಟಿ, ಮಾವಾರ ಕೈಯಾಗ ಒಂದೆಳಿ ಹತ್ತಿ ಕೊಟ್ಟೆ. ಅವರು ಮೀಸಿ ಸರಿ ಮಾಡ್ಕೊಂಡು, ಉಸಿರು ಹಿಡಿದು, ಮೂಗಿನ ತುದಿಗೆ ಹತ್ತಿ ತಾಗಿಸಿದ್ರು.

"ಎಲ್ಲಿ ಮುಟ್ಟಿದೆ ಅಜ್ಜಾರ?"

"ಹಣಿ ನಟ್ಟನಡುವ."

"ಎಲಾ ಇವನ!" ಅಂದ್ರು ಮಾವಾರು. ಮತ್ತ ತಾಗಿಸಿದ್ರು. ಮತ್ತ ಹಣಿ. ಹುಡುಗನ ಕಾಕಾ "ನನಗೊಮ್ಮಿ ಕೊಡ್ರಿ" ಅಂದ, ಹುಡುಗನ ಸೋದರತ್ತಿ "ನಂದೂ ಒಂದು" ಅಂದ್ಲು. ಕೈ ತೊಳಿದೇ ಯಾರೂ ಹತ್ರ ಬರಬ್ಯಾಡ್ರಿ ಅಂತ ನಾ ಒದರಿದೆ. ಗಾಡಿ ಹತ್ತಾಕ ಎದ್ದಿದ್ದ ಬೀಗರೆಲ್ಲಾ ಸಾಬಾಣ ಹಿಡಕೊಂಡು ನಳದ ಮುಂದ ಪಾಳಿ ನಿಂತ್ರು.

ಹುಡುಗನ ಅವ್ವ ಮಾತ್ರ ಪಾಳಿಗೆ ನಿಲ್ಲಲಿಲ್ಲ. ಅಜ್ಜನ ಕಣ್ಣಿನ ಟಾವೆಲ್ ತಾನ ಬಿಚ್ಚಿ, "ಇಷ್ಟು ನೋವು ತಿಂದು ಮೊಮ್ಮಗಳ ಸಲುವಾಗಿ ಬಂದು ಕುಂತೀರಲ್ರಿ ಯಪ್ಪಾ. ಮದಲ ಹೇಳಿದ್ರ ನಾವೇನ ಬ್ಯಾಡಂತಿದ್ವೇನು?" ಅಂದ್ಲು. ಅಜ್ಜ ಅತ್ತ. ನನಗೂ ತಡ್ಕೊಳ್ಳಾಕ ಆಗಲಿಲ್ಲ, ಸೆರಗಿನಾಗ ಮಾರಿ ಮುಚ್ಚಿಕೊಂಡೆ.

ಎಲ್ಲಾರೂ ಮತ್ತ ಕುಂತ್ರು. ಮಾವಾರು ಈಗ ಭಾಳ ಮೆತ್ತಗಾಗಿ, "ಅಜ್ಜಾರ, ನೀವ ಹಿರೇರು. ಒಂದ ಮಾತು ಹೇಳಿಬಿಡ್ರಿ. ಹುಡುಗ ಒಪ್ಪಿಗಿ ಏನ್ರಿ?" ಅಂತ ಕೈ ಮುಗಿದ್ರು.

ಅಜ್ಜ ಹುಡುಗನ್ನ ಹತ್ರ ಕರದು, ಗದ್ದ ಹಿಡಿದು, ಮಾರಿ ಆ ಕಡಿ ಒಮ್ಮಿ ಈ ಕಡಿ ಒಮ್ಮಿ ತಿರುವಿ ನೋಡಿದ.

"ಹುಡುಗ ಬಂಗಾರದಂಥಾಂವ. ಪೂರಾ ಒಪ್ಪಿಗಿ. ಮೂಗು ಒಂದ ಸ್ವಲ್ಪ ಚಪ್ಪಟಿ ಐತಿ. ಅದಕ್ಯಾಕ ಚಿಂತಿ, ಡಾಕ್ಟರವ್ವ ಇಲ್ಲೇ ಅದಾಳ, ಹಣಿನೂ ಅಗಲ ಐತಿ. ಮದುವಿ ಒಳಗ ಒಂದು ಚಲೋ ಮೂಗು ಮಾಡಿಸಿಬಿಡೂನು!"

ಟಪ್! ಅಂತ ಸಪ್ಪಳ ಬಂತು. ಎಲ್ಲಾರೂ ಅಜ್ಜನ ಕಡೆ ನೋಡಿದ್ರು. ಅಂವ ಅಲ್ಲ. ಈ ಸಲ ಹಣಿ ಬಡಕೊಂಡಾಕಿ ಮೊಮ್ಮಗಳು, ಮತ್ತ ಅಕಿ ಮೂಗಿನ ಮ್ಯಾಲ ಯಾವ ನೊಣಾನೂ ಇರಲಿಲ್ಲ.