ಸುಂದ್ರಮ್ಮನ ಹಿತ್ತಲ ಮರದ ಜಾತಿ ನಿರ್ಣಯ

ಜಾತಿ ತಿಳಿಯದ ಮರಕ್ಕೆ ಕೊಡಲಿ ಹಾಕತಕ್ಕದ್ದಲ್ಲ ಎಂಬ ನಿಯಮ ಜಾರಿಗೆ ಬಂದ ವಾರವೇ ಹಂಗಳದ ಸುಂದ್ರಮ್ಮನ ಹಿತ್ತಲಲ್ಲಿ ಹುಣಸೆ ಮರದ ಕೊಂಬೆಯೊಂದು ಸೀಳಿ, ಬಾಣಂತಿ ಕೋಣೆಯ ಹೆಂಚಿನ ಮೇಲೆ ವಾಲಿ ನಿಂತಿತು. ಕೆಳಗೆ ಮಗಳು ಶಿವರಂಜಿನಿ, ಪಕ್ಕದಲ್ಲಿ ಹನ್ನೆರಡು ದಿನದ ಕೂಸು. ಗಾಳಿ ಬೀಸಿದಾಗಲೆಲ್ಲ ಸುಂದ್ರಮ್ಮನ ಜೀವ ಬಾಯಿಗೆ ಬರುತ್ತಿತ್ತು.

ಕೊಂಬೆ ಕಡಿಯಲು ಅಪ್ಪಣೆ ಬೇಕೆಂದು ಗುಂಡ್ಲುಪೇಟೆಯ ತಾಲ್ಲೂಕು ಕಚೇರಿಗೆ ಹೋಗಿ ಅರ್ಜಿ ಕೊಟ್ಟಳು. ಮರದ ಜಾತಿ ಗುರುತಿಸಲು ಗಣತಿದಾರ ಶಿವರಾಮು ಬೈಕಿನಲ್ಲಿ ಬಂದರು. ಮರ ನೋಡಿದರು, ಮೊಬೈಲ್ ನೋಡಿದರು, ತಲೆ ಕೆರೆದುಕೊಂಡರು.

"ಉಣ್ಸೆ ಮರ ಕಣಿ ಸಾ. ಸಣ್ಣ ಮಕ್ಳೂ ಯೋಳ್ತವ," ಎಂದಳು ಸುಂದ್ರಮ್ಮ.

"ಗೊತ್ತಮ್ಮ. ಆದ್ರೆ ಆಪ್‌ನಲ್ಲಿ ಹನ್ನೊಂದೇ ಜಾತಿ ಕೊಟ್ಟವ್ರೆ, ಹುಣಸೆ ಇಲ್ಲ. ತೆಂಗು ಅಂತ ಹಾಕಿದ್ದೀನಿ. ಎರಡೂ ಸಾರಿಗೇ ತಾನೆ ಬೀಳೋದು?"

ಹೆಸರು ಏನಾದರೂ ಇಟ್ಟುಕೊಳ್ಳಲಿ, ಕೊಂಬೆ ಹೋದರೆ ಸಾಕು ಎಂದುಕೊಂಡು ಸುಂದ್ರಮ್ಮ ಮಜ್ಜಿಗೆ ಕೊಟ್ಟು ಕಳಿಸಿದಳು.

ಎಂಟನೇ ದಿನ ಹಿಂಬರಹ ಬಂತು: "ತಮ್ಮ ಹಿತ್ತಲಿನ ಮರವು ತೆಂಗು ಎಂದು ದೃಢಪಟ್ಟಿರುತ್ತದೆ. ತೆಂಗಿನ ಮರಕ್ಕೆ ಕೊಂಬೆ ಇರುವುದಿಲ್ಲವಾದ್ದರಿಂದ, ಇಲ್ಲದ ಕೊಂಬೆಯನ್ನು ಕಡಿಯಲು ಅನುಮತಿ ಕೋರಿರುವ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಸದರಿ ಇಲ್ಲದ ಕೊಂಬೆಯನ್ನು ಅನುಮತಿಯಿಲ್ಲದೆ ಕಡಿದಲ್ಲಿ ಮೊಕದ್ದಮೆ ಹೂಡಲಾಗುವುದು."

"ಇವ್ರ ಮನೆ ಆಳಾಗ!" ಎಂದು ಸುಂದ್ರಮ್ಮ ಮನಸಾರೆ ಬೈದು, ಮಗಳನ್ನೂ ಕೂಸನ್ನೂ ಜಗುಲಿಗೆ ಸಾಗಿಸಿದಳು. ಒಳ್ಳೆಯದೇ ಆಯಿತು. ಮಾರನೇ ಮಧ್ಯಾಹ್ನ ಇಲ್ಲದ ಕೊಂಬೆ ಬಿದ್ದು, ಇದ್ದ ಕೋಣೆ ನೆಲಸಮವಾಯಿತು.

ಪರಿಹಾರ ಕೇಳಿದ್ದಕ್ಕೆ ಸ್ಥಳ ಪರಿಶೀಲನೆಗೆ ಮತ್ತೆ ಶಿವರಾಮು ಅವರೇ ಬಂದರು. ಬೇರೆ ಜಾಗವಿಲ್ಲದೆ ಬಿದ್ದ ಕೊಂಬೆಯ ಮೇಲೆಯೇ ಕೂತು, "ಮರವನ್ನು ಖುದ್ದು ನೋಡಲಾಗಿ ಕೊಂಬೆಗಳು ಕಂಡುಬಂದಿರುವುದಿಲ್ಲ" ಎಂದು ಬರೆಯತೊಡಗಿದರು. ಅಷ್ಟರಲ್ಲಿ ಕೂಸು ಅತ್ತಿತು. ಜಗುಲಿಯಲ್ಲಿ ಜೋಲಿ ಕಟ್ಟಲು ತೊಲೆ ಇಲ್ಲವೆಂದು ಮರದ ಇನ್ನೊಂದು ಗಟ್ಟಿ ಕೊಂಬೆಗೇ ಕಟ್ಟಿದ್ದರು. ಶಿವರಾಮು ಮಕ್ಕಳೊಂದಿಗರು, ಎಡಗೈಯಲ್ಲಿ ಜೋಲಿ ತೂಗುತ್ತಲೇ ಬರೆದರು.

"ಸಾ, ಈಗ್ಲಾದ್ರೂ ಕೊಂಬೆ ಬಿತ್ತು ಅಂತ ಬರ್ಕೊಳಿ. ಕ್ವಾಣೆ ಕಟ್ಟುಸ್ಬೇಕು."

"ಕೊಂಬೆ ಅಂದ್ರೆ ಏನೂ ಸಿಗಲ್ಲ ಕಣಮ್ಮ. ಗರಿ ಬಿತ್ತು ಅಂತ ಬರೀತೀನಿ. ಒಂದು ಗರಿಗೆ ಎಂಟು ಹೆಂಚು ಕೊಡ್ತಾರೆ."

ಸುಂದ್ರಮ್ಮ ಬಯಲಾದ ಕೋಣೆಯನ್ನೊಮ್ಮೆ, ಜೋಲಿಯನ್ನೊಮ್ಮೆ ನೋಡಿ ಲೆಕ್ಕ ಹಾಕಿದಳು.

"ಅಂಗಾರೆ ಇಪ್ಪತ್ತು ಗರಿ ಅಂತ ಬರ್ಕೊಳಿ ಸಾ."