ಎದುರಂಗಡಿಯ ಬೋಣಿ

ಸ್ವಂತ ದಿನಸಿ ಅಂಗಡಿಯ ನೆತ್ತಿಯ ಮೇಲೆಯೇ ಮನೆ ಇಟ್ಟುಕೊಂಡು, ಬೆಳಗಿನ ಕಾಫಿಗೆ ಸಕ್ಕರೆಯಿಲ್ಲದೆ ಕೂರುವ ಭಾಗ್ಯ ಇಡೀ ಊಟಿಯಲ್ಲಿ ನಂಜಮ್ಮನವರೊಬ್ಬರಿಗೆ ಮಾತ್ರ ಲಭಿಸಿತ್ತು. ಕೆಳಗೆ ಮೂಟೆಗಟ್ಟಲೆ ಸಕ್ಕರೆ, ಮೇಲೆ ಖಾಲಿ ಡಬ್ಬ, ನಡುವೆ ಒಂದು ಮರದ ಮೆಟ್ಟಿಲು ಮತ್ತು ಪತಿದೇವರಾದ ರಾಚಯ್ಯನವರ ವ್ಯಾಪಾರಶಾಸ್ತ್ರ. ಆ ಶಾಸ್ತ್ರದ ಪ್ರಕಾರ ಅಂಗಡಿಯಲ್ಲಿ ಬೋಣಿಯಾಗುವ ತನಕ, ಅಂದರೆ ದಿನದ ಮೊದಲ ಗಿರಾಕಿ ಬಂದು ಕಾಸು ಕೊಟ್ಟು ಏನಾದರೂ ಕೊಳ್ಳುವ ತನಕ, ನಂಜಮ್ಮನವರು ಅಲ್ಲಿನ ಒಂದು ಬೆಂಕಿಪೊಟ್ಟಣವನ್ನೂ ಮುಟ್ಟುವಂತಿರಲಿಲ್ಲ. ಕಾರಣ, ಅವರ ಕೈಗುಣ ಸರಿಯಿಲ್ಲ.

ಈ ತೀರ್ಪು ಮದುವೆಯಾದ ಮೊದಲ ಮಳೆಗಾಲದ್ದು. ಗುಂಡ್ಲುಪೇಟೆ ಕಡೆಯಿಂದ ಹೊಸದಾಗಿ ಬಂದ ಸೊಸೆ ಒಂದು ಮುಂಜಾನೆ ಕೆಳಗಿಳಿದು, ನಗುನಗುತ್ತಾ ಕಾಸು ಕೊಟ್ಟು ಒಂದು ಅಚ್ಚು ಬೆಲ್ಲ ಕೊಂಡರು. (ಗಂಡನ ಅಂಗಡಿಯಲ್ಲಿ ತಾನೇ ಬೋಣಿ ಮಾಡಬೇಕೆಂಬ ಆಸೆ, ಪಾಪ.) ಅದೇ ಮಧ್ಯಾಹ್ನ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿಹೋಯಿತು. ವಾರವಿಡೀ ಊಟಿಗೆ ಲಾರಿಯೂ ಬರಲಿಲ್ಲ, ಟೂರಿಸ್ಟೂ ಬರಲಿಲ್ಲ. ಮುಂದಿನ ತಿಂಗಳು ಇನ್ನೊಮ್ಮೆ ಬೋಣಿ ಮಾಡಿದಾಗ ತಕ್ಕಡಿಯ ಸರಪಳಿ ಕಳಚಿ, ತೂಕದ ಕಲ್ಲು ಗಿರಾಕಿಯೊಬ್ಬರ ಕಾಲ ಮೇಲೆ ಬಿತ್ತು. ರಾಚಯ್ಯನವರ ಘನ ನ್ಯಾಯಾಲಯಕ್ಕೆ ಅಷ್ಟು ಸಾಕ್ಷಿ ಸಾಕಾಯಿತು. ಮಳೆಗಾಲದಲ್ಲಿ ನೀಲಗಿರಿಯ ಗುಡ್ಡ ಕುಸಿಯುವುದಕ್ಕೆ ತನ್ನ ಅಪ್ಪಣೆಯೇನೂ ಬೇಕಿಲ್ಲವೆಂದೂ, ತಕ್ಕಡಿಯ ಸರಪಳಿ ಮಾವನವರ ಕಾಲದ್ದೆಂದೂ ನಂಜಮ್ಮನವರು ವಾದಿಸಿ ಸೋತರು. ಅದಾಗಿ ಇಪ್ಪತ್ತು ವರ್ಷ ಕಳೆದಿದ್ದರೂ ಆ ಮಾತು ಅವರ ಎದೆಯಲ್ಲಿ ಮುಳ್ಳಿನಂತೆ ಉಳಿದುಕೊಂಡಿತ್ತು.

ಹೀಗಾಗಿ ಆ ಮನೆಯ ಕಾಫಿ ಹಾಲನ್ ಎಂಬುವವರ ಮೇಲೆ ನಿಂತಿತ್ತು. ಹಾಲನ್ ಕೇತಿ ಕಡೆಯ ಕ್ಯಾರೆಟ್ ಬೆಳೆಗಾರ. ದಿನಾ ಬೆಳಿಗ್ಗೆ ಮಾರ್ಕೆಟ್ಟಿಗೆ ತರಕಾರಿ ಹಾಕಿ, ರಾಚಯ್ಯನವರಲ್ಲಿ ನಶ್ಯದ ಪೊಟ್ಟಣ ಕೊಂಡು ಹೋಗುವುದು ರೂಢಿ. ಅವರದು ಚಿನ್ನದಂಥ ಕೈ ಎಂದು ರಾಚಯ್ಯನವರೇ ಪ್ರಮಾಣಪತ್ರ ಕೊಟ್ಟಿದ್ದರು. ಕೇತಿಯ ಬಸ್ಸು ಮಂಜಿನಲ್ಲಿ ತಡವಾದ ದಿನ ನಂಜಮ್ಮನವರು ಕಿಟಕಿಯಲ್ಲಿ ಕುಳಿತು, ಹಾಲನ್ನರ ತಲೆಗೆ ಸುತ್ತಿದ ಬಿಳಿ ಬಟ್ಟೆ ಕಾಣುವುದನ್ನೇ ಕಾಯಬೇಕಾಗುತ್ತಿತ್ತು. ಪರಪುರುಷನಿಗಾಗಿ ಹೀಗೆ ಕಾಯುವ ಹೆಂಡತಿಯನ್ನು ಕಂಡು ಸಂತೋಷಪಡುವ ಗಂಡ ಜಗತ್ತಿನಲ್ಲಿ ರಾಚಯ್ಯನವರೊಬ್ಬರೇ ಇರಬೇಕು.

ಇಷ್ಟೆಲ್ಲ ಮಡಿ ಮಾಡಿಯೂ ಅಂಗಡಿ ಚೆನ್ನಾಗಿ ನಡೆಯುತ್ತಿತ್ತೇ ಎಂದರೆ ಅದೂ ಇಲ್ಲ. ಬಜಾರಿನಲ್ಲಿ ವಾಸವಿದ್ದ ಸಂಸಾರಗಳೆಲ್ಲ ಒಂದೊಂದಾಗಿ ಊರಾಚೆ ಮನೆ ಕಟ್ಟಿಕೊಂಡು ಹೋಗಿದ್ದವು. ಅವು ಬಿಟ್ಟುಹೋದ ಮಹಡಿಗಳು ಲಾಡ್ಜ್ ಆದವು. ಅಕ್ಕಿ ಬೇಳೆ ಮಾರುತ್ತಿದ್ದ ಅಂಗಡಿಗಳು ವರ್ಕಿ ಬಿಸ್ಕತ್ತು, ಚಾಕೊಲೇಟ್, ನೀಲಗಿರಿ ತೈಲಕ್ಕೆ ತಿರುಗಿಕೊಂಡವು. ಸಂಜೆಯಾದರೆ ಬೀದಿಯಲ್ಲಿ ಸ್ವೆಟರ್ ಹಾಕಿದ ಹನಿಮೂನ್ ಜೋಡಿಗಳು ಮಾತ್ರ. ಹನಿಮೂನಿಗೆ ಬಂದವರು ತೊಗರಿಬೇಳೆ ಕೊಳ್ಳುವುದಿಲ್ಲ. ತಂದೆ ಕಟ್ಟಿದ ಅಂಗಡಿಯನ್ನು ತಾನು ಮುಚ್ಚಬೇಕಾದೀತೇ ಎಂಬ ಭಯ ರಾಚಯ್ಯನವರಿಗೆ ಹಿಡಿದುಬಿಟ್ಟಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಗಾಳಿ ತಿರುಗಿತು. ಎದುರುಗಡೆಯ ಪಾಳುಬಿದ್ದ ಆಲೂಗಡ್ಡೆ ಗೋದಾಮನ್ನು ಕೆಡವಿ ಯಾರೋ ಫ್ಲ್ಯಾಟು ಕಟ್ಟಿಸಿದರು. ಬಸ್ ಸ್ಟ್ಯಾಂಡು ಹತ್ತಿರ, ಸ್ಕೂಲು ಹತ್ತಿರ, ಡಾಕ್ಟರು ಹತ್ತಿರ ಎಂದು ಜನ ಮತ್ತೆ ಬಜಾರಿಗೇ ವಾಸಕ್ಕೆ ಬರತೊಡಗಿದರು. ರಾಚಯ್ಯನವರು ಗಲ್ಲಾದ ಮುಂದೆ ಕುಳಿತು ಬಾಲ್ಕನಿಗಳನ್ನು ನೋಡುತ್ತಿದ್ದರು. ಒಗೆದ ಬಟ್ಟೆ ನೇತುಹಾಕಿದ ಬಾಲ್ಕನಿ ಎಂದರೆ ಬೇಳೆ ಬೇಯಿಸುವ ಮನೆ ಎಂದು ಅವರ ಲೆಕ್ಕ. ಮಕ್ಕಳ ಯೂನಿಫಾರಂ ಒಣಗುತ್ತಿದ್ದರೆ ತಿಂಡಿಗೆ ರವೆ, ಅವಲಕ್ಕಿ. ಮಡಿಪಂಚೆ ಕಂಡರೆ ಒಳ್ಳೆಯ ತುಪ್ಪ. ಅವರು ಬೋರ್ಡಿಗೆ ಹೊಸ ಬಣ್ಣ ಬಳಿಸಿದರು, ಕರೆಂಟಿನ ತಕ್ಕಡಿ ತಂದರು, ಗಿರಾಕಿಗಳು ಕೂರಲೆಂದು ಎರಡು ಸ್ಟೂಲನ್ನೂ ಹಾಕಿಸಿದರು.

ಬಾಲ್ಕನಿಗಳನ್ನೇ ನೋಡುತ್ತಾ ಕುಳಿತವರು ನೆಲಮಹಡಿಯನ್ನು ನೋಡಿರಲಿಲ್ಲ. ಒಂದು ಶುಕ್ರವಾರ ಅಲ್ಲಿ ಬಾಳೆಕಂದು ಕಟ್ಟಿ, ನಾಗಸ್ವರ ಊದಿಸಿ, ‘ಕುರಿಂಜಿ ಸೂಪರ್ ಮಾರ್ಕೆಟ್’ ತೆರೆದೇಬಿಟ್ಟಿತು. ಗಾಜಿನ ಬಾಗಿಲು, ಟ್ಯೂಬ್ ಲೈಟಿನ ಸಾಲು, ಕೈಗೊಂದು ಬುಟ್ಟಿ. ಮಾಲೀಕ ಮೇಟ್ಟುಪಾಳ್ಯದ ಜಯರಾಮನ್, ಹಣೆಗೆ ವಿಭೂತಿ, ಬಾಯಿ ತುಂಬ ನಗು. ಗಿರಾಕಿಗಳು ತಮಗೆ ಬೇಕಾದ್ದನ್ನು ತಾವೇ ಎತ್ತಿಕೊಳ್ಳಬಹುದಂತೆ ಎಂದು ಕೇಳಿ ರಾಚಯ್ಯನವರು ನಕ್ಕರು. ತಾವೇ ಎತ್ತಿಕೊಳ್ಳುವುದಕ್ಕೆ ನಮ್ಮ ಊರಲ್ಲಿ ವ್ಯಾಪಾರ ಎನ್ನುವುದಿಲ್ಲ, ಪೊಲೀಸರನ್ನು ಕರೆಸುತ್ತಾರೆ ಎಂದರು. ಆದರೆ ನಕ್ಕ ಬಾಯಿ ಬೇಗನೆ ಮುಚ್ಚಿಕೊಂಡಿತು, ಏಕೆಂದರೆ ಸ್ಟೂಲುಗಳ ಮೇಲೆ ಕೂರಲು ಯಾರೂ ಬರಲಿಲ್ಲ.

ಮರುವಾರ ಒಂದು ಬೆಳಿಗ್ಗೆ ಮಂಜು ದಟ್ಟವಾಗಿ ಕವಿದು ಕೇತಿಯ ಬಸ್ಸಿನ ಸುಳಿವೇ ಇರಲಿಲ್ಲ. ಸಕ್ಕರೆ ಡಬ್ಬ ಖಾಲಿ. ಸ್ವಲ್ಪ ಹೊತ್ತಿನ ಮೇಲೆ ಮಹಡಿಯಿಂದ ಕಾಫಿಯ ಘಮ ಇಳಿದುಬಂದದ್ದನ್ನು ಮೂಗಿನಲ್ಲೇ ಹಿಡಿದ ರಾಚಯ್ಯನವರು ಮೆಟ್ಟಿಲು ಹತ್ತಿ ಹೋದರು. ಒಲೆಯ ಪಕ್ಕದಲ್ಲಿ ಕುರಿಂಜಿಯ ಕಾಗದದ ಚೀಲ ಕೂತಿತ್ತು.

“ಎದುರಂಗಡಿಗೆ ಹೋಗಿದ್ದೆಯೇನೇ?”

“ಹೂಂ. ಅಲ್ಲಿ ಯಾರೂ ನನ್ನ ಕೈ ನೋಡಲಿಲ್ಲ ಕಣ್ರೀ. ಕಾಸು ನೋಡಿದ್ರು, ಸಕ್ಕರೆ ಕೊಟ್ರು.”

ವ್ಯಾಪಾರಿಯ ಹೆಂಡತಿ ಶತ್ರುವಿನ ಸಕ್ಕರೆಯಲ್ಲಿ ಕಾಫಿ ಕಾಯಿಸುವುದೆಂದರೆ ವಂಶಕ್ಕೇ ಕಳಂಕ ಎಂದು ರಾಚಯ್ಯನವರು ಶುರು ಮಾಡಿದರು. ತಂದೆ, ತಾತ, ಮಲೆ ಮಾದಪ್ಪ ಎಲ್ಲರನ್ನೂ ಸಾಕ್ಷಿಗೆ ಕರೆದರು. ನಂಜಮ್ಮನವರು ಲೋಟ ಮುಂದಿಟ್ಟು, ಆರಿಹೋಗುತ್ತೆ, ಕುಡಿದುಬಿಟ್ಟು ಬೈಯಿರಿ ಎಂದರು. ಕುಡಿಯುತ್ತಿದ್ದ ರಾಚಯ್ಯನವರ ತಲೆಯಲ್ಲಿ ಏನೋ ಹೊಳೆದು, ಲೋಟ ತುಟಿಯಲ್ಲೇ ನಿಂತಿತು.

“ನೀನು ಹೋದಾಗ ಅವರಿಗೆ ಬೋಣಿ ಆಗಿತ್ತಾ?”

“ಎಲ್ಲಿ ಆಗಿತ್ತು? ಬಾಗಿಲು ತೆಗೀತಿದ್ದಂಗೇ ನಾನೇ ಮೊದಲು.”

ರಾಚಯ್ಯನವರ ಮುಖದಲ್ಲಿ ಮೂಡಿದ ನಗುವನ್ನು ಕಂಡು ನಂಜಮ್ಮನವರಿಗೆ ಗಾಬರಿಯಾಯಿತು. ಗುಡ್ಡವನ್ನೇ ಉರುಳಿಸಿದ ಕೈ. ಸರಪಳಿಯನ್ನೇ ಕಳಚಿದ ಕೈ. ಇಂಥ ಬ್ರಹ್ಮಾಸ್ತ್ರವನ್ನು ಇಷ್ಟು ವರ್ಷ ಅಡುಗೆಮನೆಯಲ್ಲಿ ತುಕ್ಕು ಹಿಡಿಸಿದೆನಲ್ಲಾ ಎಂದು ರಾಚಯ್ಯನವರು ಮನಸ್ಸಿನಲ್ಲೇ ಮರುಗಿದರು. ಬಾಯಲ್ಲಿ ಮಾತ್ರ, ನಾಳೆಯಿಂದ ದಿನಾ ಅಲ್ಲಿಗೇ ಹೋಗು, ಎಲ್ಲರಿಗಿಂತ ಮೊದಲು ಹೋಗು, ಅವರ ದರ, ದಾಸ್ತಾನು ಎಲ್ಲ ನೋಡಿಕೊಂಡು ಬಾ, ಇದಕ್ಕೆ ಬೇಹುಗಾರಿಕೆ ಎನ್ನುತ್ತಾರೆ ಎಂದರು. ಕೊಳ್ಳಲು ಕಾಸನ್ನೂ ತಾವೇ ಗಲ್ಲಾದಿಂದ ತೆಗೆದುಕೊಟ್ಟರು. (ಗಲ್ಲಾದಿಂದ ಕಾಸು ಹೊರಗೆ ಹೋಗುವುದಕ್ಕೆ ಅವರು ಅಡ್ಡಿ ಮಾಡದೆ ಇದ್ದದ್ದು ಅದೇ ಮೊದಲು.)

ನಂಜಮ್ಮನವರು ಗಂಡನ ಆಜ್ಞೆಯನ್ನು ಇಷ್ಟು ಸಂತೋಷದಿಂದ ಹಿಂದೆಂದೂ ಪಾಲಿಸಿರಲಿಲ್ಲ. ಬೆಳಿಗ್ಗೆ ಮುಖ ತೊಳೆದು, ಒಳ್ಳೆಯ ಸೀರೆಯುಟ್ಟು, ಶಾಲು ಹೊದ್ದು ರಸ್ತೆ ದಾಟುವರು. ಗಾಜಿನ ಬಾಗಿಲು ತೆರೆದು ಜಯರಾಮನ್, “ವಾಂಗ ಅಕ್ಕಾ” ಎಂದು ಕೈಮುಗಿಯುವನು. ಬೋಣಿಯ ಹೊತ್ತಿನಲ್ಲಿ ಬನ್ನಿ ಎಂದು ಯಾರಾದರೂ ತನ್ನನ್ನು ಕರೆಯಬಹುದೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ಮೊದಲ ದಿನ ಕಣ್ಣಲ್ಲಿ ನೀರೇ ಬಂತಂತೆ.

ಇತ್ತ ರಾಚಯ್ಯನವರು ಸರ್ವನಾಶಕ್ಕಾಗಿ ಕಾದರು. ಗಾಜು ಒಡೆಯಲಿಲ್ಲ. ಗುಡ್ಡ ಅಲುಗಲಿಲ್ಲ. ಬದಲಿಗೆ ಕುರಿಂಜಿಯ ಮುಂದೆ ಸ್ಕೂಟರುಗಳು ನಿಲ್ಲತೊಡಗಿದವು, ಬುಟ್ಟಿಗಳು ಸಾಲದೆ ಬಂದವು. ಗಾಜಿನ ಬಾಗಿಲಿದ್ದುದರಿಂದ ಕೈಗುಣ ಒಳಗೆ ಹೋಗುವುದು ನಿಧಾನ ಎಂದು ಅವರೇ ಸಮಾಧಾನ ಹೇಳಿಕೊಂಡರು. ದೀಪಾವಳಿಗೆ ಔಷಧಿಯ ಪ್ರಮಾಣ ಹೆಚ್ಚಿಸಿ, ಎರಡೂ ಕೈಯಲ್ಲಿ ಎತ್ತಿಕೋ ಎಂದು ಹೆಂಡತಿಗೆ ಹೇಳಿಕೊಟ್ಟರು. ನಂಜಮ್ಮನವರು ಎರಡು ಚೀಲ ತುಂಬ ತಂದರು. ಮಾರನೆಯ ದಿನ ಜಯರಾಮನ್ ಇನ್ನೊಂದು ಬಿಲ್ಲಿಂಗ್ ಕೌಂಟರ್ ತೆರೆದನು.

ಕೊನೆಗೆ ಒಂದು ಬೆಳಿಗ್ಗೆ ಹಾಲನ್ನರೇ ಕುರಿಂಜಿಯ ಚೀಲ ಹಿಡಿದು, ತಲೆ ತಗ್ಗಿಸಿಕೊಂಡು, ಆಚೆ ಬದಿಯಿಂದಲೇ ನಡೆದುಹೋದರು. ಅದೇ ಹೊತ್ತಿಗೆ ಫ್ಲ್ಯಾಟಿನ ರಂಗನಾಥನ್, ಅಂದರೆ ರಿಟೈರಾದ ಪೋಸ್ಟ್ ಮಾಸ್ಟರ್, ಚಿಲ್ಲರೆ ಕೇಳಲು ಬಂದರು. (ಸಾಮಾನು ಅಲ್ಲಿ, ಚಿಲ್ಲರೆ ಇಲ್ಲಿ.) ರಾಚಯ್ಯನವರು ನಾಚಿಕೆ ಬಿಟ್ಟು ಕೇಳಿಯೇಬಿಟ್ಟರು, ನನ್ನ ಅಂಗಡಿ ಏನು ಪಾಪ ಮಾಡಿದೆ ಎಂದು.

“ನಾವು ಊರಿಗೆ ಹೊಸಬರು ಸಾರ್. ಎಲ್ಲಿ ಕೊಳ್ಳೋದು ಅಂತ ಗೊತ್ತಿರಲಿಲ್ಲ. ನಿಮ್ಮ ಮನೆಯವರೇ ದಿನಾ ಬೆಳಿಗ್ಗೆ ಮೊದಲು ಅಲ್ಲಿಗೆ ಹೋಗ್ತಾರಲ್ಲ, ಫ್ಲ್ಯಾಟಿನವರೆಲ್ಲ ಬಾಲ್ಕನಿಯಿಂದ ನೋಡ್ತೀವಿ. ದಿನಸಿ ಅಂಗಡಿಯವರ ಹೆಂಡತಿಗೇ ಗಂಡನ ಬೇಳೆ ಬೇಡ ಅಂದಮೇಲೆ ನಾವು ಹೇಗೆ ತಗೊಳ್ಳೋದು?”

ರಾಚಯ್ಯನವರು ಸ್ಟೂಲಿನ ಮೇಲೆ ಕುಸಿದು ಕುಳಿತರು. ಅಷ್ಟರ ಮಟ್ಟಿಗೆ ಆ ಸ್ಟೂಲು ಕೊನೆಗೂ ಉಪಯೋಗಕ್ಕೆ ಬಂತು. ಆಮೇಲೆ ಎದ್ದವರು ನೇರ ಮೇಲೆ ಹೋಗಿ, ನಾಳೆಯಿಂದ ಎದುರಂಗಡಿಗೆ ಕಾಲಿಡಕೂಡದು ಎಂದು ಅಪ್ಪಣೆ ಹೊರಡಿಸಿದರು. ಯಾಕೆಂದು ನಂಜಮ್ಮನವರು ಕೇಳಿದರು. ಮಾತಿಗೆ ಮಾತು ಬೆಳೆದು, ನಿನ್ನ ಕೈಯಿಂದ ಅದು ಮುಚ್ಚಿಹೋಗಲಿ ಎಂದು ಕಳಿಸಿದರೆ ಉದ್ಧಾರ ಮಾಡಿಬಿಟ್ಟೆಯಲ್ಲೇ ಎಂದು ರಾಚಯ್ಯನವರ ಬಾಯಿ ಜಾರಿತು.

ನಂಜಮ್ಮನವರು ಒಲೆ ಆರಿಸಿ ಗಂಡನತ್ತ ತಿರುಗಿದರು. “ಇಪ್ಪತ್ತು ವರ್ಷ ನನ್ನ ಕೈ ಕೆಟ್ಟದ್ದು ಅಂತ ಮೂಲೇಲಿ ಕೂರಿಸಿದ್ರಿ, ಸಹಿಸ್ಕೊಂಡೆ. ಈಗ ಅದೇ ಕೈನ ಇನ್ನೊಬ್ಬರ ಹೊಟ್ಟೆ ಮೇಲೆ ಹೊಡೆಯೋಕೆ ಕಳಿಸಿದ್ರಾ? ಆ ಮನುಷ್ಯ ನನ್ನನ್ನ ಅಕ್ಕಾ ಅಂತಾನೆ.” ರಾಚಯ್ಯನವರಿಗೆ ನಿಜವಾಗಿ ನಾಚಿಕೆಯಾಯಿತು. ಆದರೆ ಗಂಡಸಿನ ನಾಚಿಕೆ ಮಾತಾಗಿ ಹೊರಬರುವ ಮೊದಲೇ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು.

ಬಂದವನು ಜಯರಾಮನ್. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಹಣ್ಣು, ವೀಳ್ಯದೆಲೆ, ಒಂದು ರೇಷ್ಮೆ ಸೀರೆ. ಕೂನೂರಿನಲ್ಲೂ ಬಜಾರಿನ ನಡುವೆ ಫ್ಲ್ಯಾಟುಗಳೆದ್ದಿವೆ, ಅಲ್ಲಿ ಎರಡನೆಯ ಅಂಗಡಿ ತೆರೆಯುತ್ತಿದ್ದೇನೆ, ಅಕ್ಕನೇ ಬಂದು ಬೋಣಿ ಮಾಡಬೇಕು ಎಂದು ಅರ್ಧ ತಮಿಳಿನಲ್ಲಿ, ಅರ್ಧ ಕನ್ನಡದಲ್ಲಿ ಬೇಡಿಕೊಂಡ. ಅಕ್ಕನದು ಎಂಥ ಕೈರಾಸಿ, ಎಂಥ ಕೈಗುಣ, ಅವರು ಮುಟ್ಟಿದ ದಿನದಿಂದ ನನಗೆ ಉಸಿರಾಡಲೂ ಪುರುಸೊತ್ತಿಲ್ಲ ಎಂದ. ನಂಜಮ್ಮನವರು ಗಂಡನ ಮುಖ ನೋಡದೆಯೇ ಒಪ್ಪಿಕೊಂಡರು.

ಅವನು ಮೆಟ್ಟಿಲಿಳಿದ ಮೇಲೆ ರಾಚಯ್ಯನವರ ಶಾಸ್ತ್ರ ತಲೆಕೆಳಗಾಗಿ ನಿಂತಿತು. ಇಷ್ಟು ಒಳ್ಳೆಯ ಕೈಯನ್ನು ಮನೆಯಲ್ಲಿಟ್ಟುಕೊಂಡು ನಶ್ಯದ ಗಿರಾಕಿಗೆ ಕಾಯುತ್ತಿದ್ದೆನೇ ತಾನು? ಅವರು ದನಿ ತಗ್ಗಿಸಿ, ನಾಳೆ ಬೆಳಿಗ್ಗೆ ನಮ್ಮ ಅಂಗಡಿಯಲ್ಲೇ ಒಂದು ಬೋಣಿ ಮಾಡಬಾರದೇ ಎಂದು ಕೇಳಿದರು. ಮೊದಲು ಕೂನೂರು ಮುಗಿಯಲಿ, ಆಮೇಲೆ ನೋಡೋಣ ಎಂದರು ನಂಜಮ್ಮನವರು. ಇನ್ನೊಂದು ಬಾರಿ ಕೇಳಲು ರಾಚಯ್ಯನವರಿಗೆ ಧೈರ್ಯ ಬರಲಿಲ್ಲ.

ಶುಭದಿನದಂದು ಜಯರಾಮನ್ ಕಾರು ಕಳಿಸಿದ. ಘಾಟಿ ಇಳಿಯುವಾಗ ರಾಚಯ್ಯನವರು ಡ್ರೈವರನಿಗೆ ಹೆಂಡತಿಯ ಕೈಗುಣವನ್ನು ವರ್ಣಿಸಿದ್ದೇ ವರ್ಣಿಸಿದ್ದು. ಮದುವೆಯ ದಿನವೇ ತಾನು ಅದನ್ನು ಗುರುತಿಸಿದ್ದೆ ಎಂದೂ ಹೇಳಿಬಿಟ್ಟರು. ನಂಜಮ್ಮನವರು ಕಿಟಕಿಯಾಚೆ ಟೀ ತೋಟ ನೋಡುತ್ತಿದ್ದರು. ಕೂನೂರಿನಲ್ಲಿ ಸಣ್ಣಗೆ ಮಳೆ. ಹೊಸ ಅಂಗಡಿಯ ಮುಂದೆ ಜನ ನೆರೆದಿದ್ದರು, ನಂಜಮ್ಮನವರಿಗೆ ಆರತಿಯಾಯಿತು. ಅವರ ಹಿಂದೆಯೇ, ಮದುವೆ ಗಂಡಿನ ಗತ್ತಿನಲ್ಲಿ, ರಾಚಯ್ಯನವರೂ ಹೊಸ್ತಿಲಿಗೆ ಕಾಲೆತ್ತಿದರು.

ಜಯರಾಮನ್ ಮೆಲ್ಲಗೆ ಅವರ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದ. ಅವನಿಗೆ ಹೇಳಲೂ ಸಂಕೋಚ, ಬಿಡಲೂ ಭಯ.

“ಅಣ್ಣಾ, ತಪ್ಪು ತಿಳ್ಕೋಬೇಡಿ. ಊಟಿಯಲ್ಲಿ ನಿಮ್ಮ ಅಂಗಡಿ ಹೇಗೆ ನಡೀತಿದೆ ಅಂತ ದಿನಾ ಎದುರಿಂದ ನೋಡ್ತೀನಿ. ನೀವೂ ವ್ಯಾಪಾರಿ, ಕೈರಾಸಿ ವಿಷಯ ನಿಮಗೆ ನಾನು ಹೇಳಬೇಕಾ? ಅಕ್ಕ ಬೋಣಿ ಮಾಡೋವರೆಗೂ ನೀವು ಸ್ವಲ್ಪ ಹೊರಗೇ ಇರಿ.”

ಇದು ಮೂಢನಂಬಿಕೆ ಎಂದು ರಾಚಯ್ಯನವರು ಹೇಳಬಹುದಾಗಿತ್ತು. ಆದರೆ ತಾವು ಜಯರಾಮನ್ನನ ಜಾಗದಲ್ಲಿ ಇದ್ದಿದ್ದರೆ ಇಷ್ಟು ಮರ್ಯಾದೆಯಿಂದ ಹೇಳುತ್ತಿರಲಿಲ್ಲ ಎಂಬುದು ಅವರಿಗೇ ಚೆನ್ನಾಗಿ ಗೊತ್ತಿತ್ತು. ಅವರು ಮಫ್ಲರನ್ನು ತಲೆಗೆ ಸುತ್ತಿಕೊಂಡು, ಪಕ್ಕದ ಬೇಕರಿಯ ಸೂರಿನಡಿ ಹೋಗಿ ನಿಂತರು. ಸೂರು ಸೋರುತ್ತಿತ್ತು. ಗಾಜಿನ ಆಚೆ ನಂಜಮ್ಮನವರು ಯಾವ ಆತುರವೂ ಇಲ್ಲದೆ ಒಂದೊಂದೇ ಸಾಲು ನೋಡುತ್ತಾ, ಒಂದು ಡಬ್ಬ ಎತ್ತಿ ಇಟ್ಟು, ಇನ್ನೊಂದು ಎತ್ತಿ ಇಟ್ಟು ನಡೆಯುತ್ತಿದ್ದರು. ಅಷ್ಟು ಜನ ತನಗಾಗಿ ಕಾಯುತ್ತಿರುವುದು ಅವರಿಗೆ ಬಹಳ ಹಿಡಿಸಿದಂತಿತ್ತು. ರಾಚಯ್ಯನವರ ಚಪ್ಪಲಿಯೊಳಗೆ ನೀರು ಸೇರಿ ಬೆರಳುಗಳು ಮರಗಟ್ಟಿದವು.

ಕೊನೆಗೂ ಒಳಗೆ ಚಪ್ಪಾಳೆ ಬಿತ್ತು. ಗಾಜಿನ ಬಾಗಿಲು ತೆರೆಯಿತು. ಕೊರಳಲ್ಲಿ ಹಾರ ಹಾಕಿಕೊಂಡ ನಂಜಮ್ಮನವರೇ ಹೊಸ್ತಿಲಿಗೆ ಬಂದು, ನೆನೆದು ನಿಂತ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಬೋಣಿ ಆಯ್ತು ಕಣ್ರೀ. ಈಗ ನೀವು ಒಳಗೆ ಬರಬಹುದು.”