ಆತ್ಮಕಥೆ ಅಚ್ಚು ಹಾಕಿಸಿದ್ದಕ್ಕೆ ಆದ ಶಾಸ್ತಿ

ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದಾಗ ನನ್ನೆದುರು ನಗುವ ಧೈರ್ಯ ಯಾರಿಗೂ ಇರಲಿಲ್ಲ. ನಿವೃತ್ತಳಾಗಿ, ಆತ್ಮಕಥೆ ಬರೆದು, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಲು ಹೊರಟ ದಿನದಿಂದ ವಾರಕ್ಕೊಂದಾದರೂ ನಗೆಪಾಟಲು ತಪ್ಪಿಲ್ಲ. ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಕಲಿತವಳು. ಹಾಳೆಯ ಅಂಚು ಬಿಟ್ಟು ಬರೆಯುವುದನ್ನೂ ಹೇಳಿದ ಸಮಯಕ್ಕಿಂತ ಐದು ನಿಮಿಷ ಮೊದಲೇ ಬರುವುದನ್ನೂ ಅಲ್ಲಿ ಕಲಿಸಿದರು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಎಂದು ಈ ಸೀಮೆಯಲ್ಲೇ ವರ್ಗವಾಗುತ್ತ ಇಡೀ ಸರ್ವಿಸು ಅವೆರಡನ್ನೂ ಬಿಡಲಿಲ್ಲ. ಪುಸ್ತಕದ ಬಗ್ಗೆ ನನಗಿದ್ದ ಆಸೆ ಒಂದೇ. ನೆಂಟರಲ್ಲದ ಒಬ್ಬರಾದರೂ ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಬೇಕು, ಓದಿ ಅನಿಸಿದ್ದನ್ನು ಮುಖಕ್ಕೆ ಹೇಳಬೇಕು. ಅದು ದೊಡ್ಡ ಆಸೆ ಎಂದು ಆಗ ಗೊತ್ತಿರಲಿಲ್ಲ.

೧. ಸಾಲಿಗೂ ಬಾರದ ನಾದಿನಿ

ನಾನು ಬರೆಯುತ್ತಿರುವ ಸುದ್ದಿ ಹರಡಿದ್ದೇ ತಡ, ಕೂಡ್ಲಿಗಿಯ ನಮ್ಮ ಮನೆಗೆ ನೆಂಟರ ಓಡಾಟ ಹೆಚ್ಚಿತು. ಎಲ್ಲರೂ ಹವೆ, ಆರೋಗ್ಯ ಮಾತಾಡಿ ಮೆಲ್ಲಗೆ ಮೇಜಿನ ಮೇಲಿನ ಹಾಳೆಗಳ ಕಡೆ ಕತ್ತು ಚಾಚುತ್ತಿದ್ದರು. ನಾದಿನಿ ಮಾತ್ರ ನೇರವಾಗಿ ಕೇಳಿದಳು.

"ಅತ್ತಿಗೆಮ್ಮ, ನನ್ನ ಬಗ್ಗೆ ಏನ್ ಬರ್ದೀರಿ?"

"ಏನೂ ಬರೆದಿಲ್ಲ. ನಿನಗೆ ಬೇಸರ ಆಗಬಾರದಲ್ಲ."

ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಅವಳು ಚಹಾದ ಲೋಟ ಕೆಳಗಿಟ್ಟಳು.

"ಮೂವತ್ತು ವರ್ಷ ನಿಮ್ಮ ಕೂಡ ಜಗಳ ಆಡೀನಿ. ಒಂದು ಹಬ್ಬ ಬಿಟ್ಟಿಲ್ಲ. ಅಷ್ಟು ಕಷ್ಟಪಟ್ಟಿದ್ದಕ್ಕ ಒಂದು ಸಾಲಿಗೂ ಬರಲಾರದಾಕಿ ಆದ್ನೇನ್ರಿ ನಾನು?"

೨. ಸುಖಾಗಮನ

ಬರೆದು ಮುಗಿಸಿ ಹಸ್ತಪ್ರತಿಯನ್ನು ಕೊಟ್ಟೂರಿನ ಪ್ರೆಸ್ಸೊಂದಕ್ಕೆ ಕೊಟ್ಟೆ. ಅವರ ಮುಖ್ಯ ಕಸುಬು ಮದುವೆ ಕಾರ್ಡು. ಮೊದಲ ಪ್ರೂಫಿನಲ್ಲಿ ಪ್ರತಿ ಅಧ್ಯಾಯದ ತಲೆಯ ಮೇಲೂ ಒಬ್ಬ ಗಣಪತಿ, ಎರಡೂ ಬದಿಗೆ ಬಾಳೆಕಂಬ. ಕೆಂಪು ಪೆನ್ನಿನಿಂದ ಹೊಡೆದು ಕಳಿಸಿದೆ. ಎರಡನೆಯ ಪ್ರೂಫಿನಲ್ಲಿ ಗಣಪತಿ ಇರಲಿಲ್ಲ. ಆದರೆ ನಮ್ಮ ಮಾವನವರು ತೀರಿಕೊಂಡ ಅಧ್ಯಾಯದ ಕೊನೆಗೆ ಅರ್ಧ ಪುಟ ಖಾಲಿ ಉಳಿದಿತ್ತು. ಅಲ್ಲಿ ಕೈಮುಗಿದು ನಿಂತ ಗಂಡಹೆಂಡತಿಯ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ "ತಮ್ಮ ಸುಖಾಗಮನವನ್ನು ಬಯಸುವ", ಅದರಡಿಗೆ ನಮ್ಮ ಮನೆಯವರೆಲ್ಲರ ಹೆಸರು, ಮೊಮ್ಮಕ್ಕಳ ಸಮೇತ.

ಮುಂದಿನ ಬಸ್ಸಿಗೇ ಕೊಟ್ಟೂರಿಗೆ ಹೋದೆ. "ಸಾವಿನ ಅಧ್ಯಾಯಕ್ಕೆ ಯಾರನ್ನು ಕರೆಯುತ್ತಿದ್ದೀರಿ?" ಎಂದು ಕೇಳಿದೆ.

ಪ್ರೆಸ್ಸಿನವರು ಕನ್ನಡಕ ಒರೆಸಿಕೊಂಡರು. "ಜಾಗ ಖಾಲಿ ಬಿಟ್ರ ಬೋಳು ಬೋಳು ಕಾಣ್ತತಿ ಮೇಡಂ. ನಿಮ್ಮ ಮೊಮ್ಮಗಳ ಹೆಸರಿಡೋ ಕಾರ್ಡು ಮಾಡಿದ್ನೆಲ್ರಿ, ಹೆಸರೆಲ್ಲ ಕಂಪ್ಯೂಟರಿನ್ಯಾಗ ರೆಡಿ ಇದ್ವು, ಇಟ್ಟೆ."

"ತೆಗೆಯಿರಿ."

"ತಗೀತೀನಿ ಬಿಡ್ರಿ. ಆ ಜಾಗದಾಗ 'ಉಡುಗೊರೆ ತರಬ್ಯಾಡ್ರಿ' ಅಂತ ಹಾಕ್ಲೇನ್ರಿ?"

೩. ನಾಕು ಪುಟ

ಮುನ್ನುಡಿ ಇಲ್ಲದ ಪುಸ್ತಕ ತೋರಣವಿಲ್ಲದ ಮನೆಯಂತೆ ಎಂದು ಎಲ್ಲರೂ ಹೇಳಿದ್ದರಿಂದ ಹರಪನಹಳ್ಳಿಯ ನಿವೃತ್ತ ಅಧ್ಯಾಪಕರೊಬ್ಬರನ್ನು ಕೇಳಿಕೊಂಡೆ. ಹೇಳಿದ ದಿನಕ್ಕೇ ಬರೆದು ಕೊಟ್ಟರು, ಅದಕ್ಕೆ ನನ್ನ ಮೆಚ್ಚುಗೆ ಇದೆ. ನಾಲ್ಕು ಪುಟ. ಮೊದಲನೆಯದರಲ್ಲಿ ಅವರು ನೀಲಗುಂದದಲ್ಲಿ ಹುಟ್ಟಿದ್ದು, ಎರಡನೆಯದರಲ್ಲಿ ಕೆರೆಯಲ್ಲಿ ಈಜು ಕಲಿತದ್ದು, ಮೂರನೆಯದರಲ್ಲಿ ಕೆಲಸಕ್ಕೆ ಸೇರಿದ್ದು, ನಾಲ್ಕನೆಯದರಲ್ಲಿ ಅವರಿಗೆ ಬರಬೇಕಾಗಿದ್ದ ಪ್ರಶಸ್ತಿ ಬೇರೆಯವರಿಗೆ ಹೋದದ್ದು. ಕೊನೆಯ ಸಾಲಿನಲ್ಲಿ ನನಗೆ ಶುಭವಾಗಲಿ ಎಂದಿತ್ತು.

"ಸಾರ್, ಇದರಲ್ಲಿ ನಾನೆಲ್ಲಿದ್ದೇನೆ?" ಎಂದೆ.

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಪುಸ್ತಕದ ತುಂಬ ನೀವೇ ಇದ್ದೀರಲ್ಲ ಮೇಡಂ. ನಾಕು ಪುಟ ನನಗೂ ಇರ್ಲಿ ಬಿಡ್ರಿ."

೪. ಬಿಡುಗಡೆಯಾಗದ ಪುಸ್ತಕ

ಬಿಡುಗಡೆ ಹಗರಿಬೊಮ್ಮನಹಳ್ಳಿಯಲ್ಲಿ. ಪುಸ್ತಕಕ್ಕೆ ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿ, ಅತಿಥಿಗಳು ಅದನ್ನು ಬಿಚ್ಚಿ ಎತ್ತಿ ತೋರಿಸುವುದು ನಮ್ಮ ಕಡೆಯ ಪದ್ಧತಿ. ಕಟ್ಟುವ ಕೆಲಸವನ್ನು ಒಂದು ಕಾಲದಲ್ಲಿ ನನ್ನ ವಾರ್ಡಿನಲ್ಲಿದ್ದ ಆಯಾಗೆ ವಹಿಸಿದ್ದೆ. ನಾನೇ ತಿದ್ದಿ ಬೆಳೆಸಿದ ಕೈ ಅದು.

ಅತಿಥಿಗಳು ರಿಬ್ಬನ್ ಎಳೆದರು. ಬರಲಿಲ್ಲ. ಪಕ್ಕದವರು ಎಳೆದರು. ಅಧ್ಯಕ್ಷರು ಹಲ್ಲು ಹಚ್ಚಿದರು. ನಿರೂಪಕಿ ಹೊತ್ತು ಕಳೆಯಲು ಒಂದು ಭಾವಗೀತೆ ಹಾಡಿ, ಮುಗಿಸಿ, ಇನ್ನೊಂದು ಶುರು ಮಾಡಿದಳು. ಕೊನೆಗೆ ನನ್ನ ಕೈಚೀಲದಲ್ಲಿ ಸದಾ ಇರುವ ಕತ್ತರಿಯಿಂದ ನನ್ನ ಪುಸ್ತಕವನ್ನು ನಾನೇ ಬಿಡುಗಡೆ ಮಾಡಬೇಕಾಯಿತು. ಒಳಗೆ ಮೂರು ಸುತ್ತು ಅಂಟುಪಟ್ಟಿ ಬೇರೆ.

ಕೆಳಗಿಳಿದು ಆಯಾಳನ್ನು ಗದರಿದೆ. ಅವಳು ಎದೆಯುಬ್ಬಿಸಿ ನಿಂತಿದ್ದಳು.

"ನೀವ ಹೇಳಿದ್ರಲ್ರಿ ಅಮ್ಮಾ, ಪಟ್ಟಿ ಒಮ್ಮಿ ಕಟ್ಟಿದ್ರ ಪೇಶಂಟು ಎಷ್ಟು ಒದ್ದಾಡಿದ್ರೂ ಬಿಚ್ಚಬಾರದು ಅಂತ!"

೫. ಹಡಗಲಿಯ ಮಲ್ಲಿಗೆ

ಹಡಗಲಿಯಲ್ಲಿ ನಮ್ಮ ಹಳೆಯ ನೆರೆಮನೆಯಾಕೆಗೆ ಒಂದು ಪ್ರತಿ ಕಳಿಸಿದ್ದೆ. ತಿಂಗಳಾದ ಮೇಲೆ ಫೋನಿನಲ್ಲಿ, ಓದಿದಿರಾ ಎಂದು ವಿಚಾರಿಸಿದೆ. "ಅಯ್ಯ, ಓದಾಕ ಹೊಲಸು ಕೈಲೆ ಮುಟ್ಟೋದು ಹ್ಯಾಂಗ್ರಿ? ಸರಸ್ವತಿ ಅಂತ ದೇವರ ಜಗಲಿ ಮ್ಯಾಲೆ ಇಟ್ಟೀನಿ" ಎಂದರು. ಮುಖಪುಟದಲ್ಲಿ ನನ್ನ ದೊಡ್ಡ ಫೋಟೋ. ಅದಕ್ಕೆ ದಿನಾ ಒಂದು ಮೊಳ ಮಲ್ಲಿಗೆ, ಎರಡು ಊದಿನಕಡ್ಡಿ.

ಆ ವಾರವೇ ಅವರ ಮನೆಗೆ ಹೋಗಿ ಬಂದ ಪರಿಚಯದವರೊಬ್ಬರು ನಮ್ಮ ಯಜಮಾನರಿಗೆ ಫೋನು ಮಾಡಿದರು. ದನಿ ಒದ್ದೆಯಾಗಿತ್ತು. "ಯಾವಾಗ ಆತ್ರಿ ಸಾರ್? ನಮಗ ಒಂದು ಮಾತು ತಿಳಿಸ್ಲಿಲ್ಲಲ್ರಿ."

ಯಜಮಾನರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಇನ್ನಾ ಏನೂ ಆಗಿಲ್ರಿ. ಅಡಿಗಿಮನ್ಯಾಗ ಅದಾಳ, ಬೈಯ್ಯಾಕತ್ಯಾಳ. ಫೋನು ಆ ಕಡಿ ಹಿಡೀತೀನಿ, ನೀವ ಕೇಳಿಸ್ಕೊಳ್ರಿ."

೬. ಮೊದಲ ಪುಟದಿಂದ ಕೊನೆಯ ಪುಟದವರೆಗೆ

ಆರು ತಿಂಗಳಾದವು. ಪುಸ್ತಕ ಪಡೆದವರು ಎಲ್ಲಿ ಸಿಕ್ಕರೂ "ಕಾಗದ ಬಾಳ ಚೊಲೊ ಐತ್ರಿ" ಎನ್ನುತ್ತಿದ್ದರು. ಓದಿದ್ದೇನೆ ಎಂದವರು ಒಬ್ಬರೂ ಇಲ್ಲ. ಆಸೆ ಬಿಟ್ಟಿದ್ದೆ.

ಒಂದು ಬೆಳಿಗ್ಗೆ ಹೊಸಹಳ್ಳಿ ಕಡೆಯ ಹೆಂಗಸೊಬ್ಬಳು ಕೈಚೀಲ ಹಿಡಿದು ಬಾಗಿಲಿಗೆ ಬಂದಳು. ಅರವತ್ತರ ಆಸುಪಾಸು. ಚೀಲದಿಂದ ನನ್ನ ಪುಸ್ತಕ ತೆಗೆದಳು. ಮೂಲೆಗಳು ಮಡಚಿದ್ದವು, ಹೊದಿಕೆಗೆ ಜೋಳದ ಹಿಟ್ಟು ಮೆತ್ತಿತ್ತು. ಅಷ್ಟು ಚಂದದ ಪುಸ್ತಕವನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಅಂಗನವಾಡಿಗೆ ನೀವು ಕೊಟ್ಟಿದ್ರಲ್ರಿ, ನಮ್ಮ ಸೊಸಿ ಅಲ್ಲೇ ಕೆಲಸ ಮಾಡ್ತಾಳ. ಮನಿಗೆ ತಂದಿದ್ಲು. ನನಗ ಓದಾಕ ಬರಂಗಿಲ್ಲ. ಆಕಿ ಓದಿದ್ಲು, ನಾ ರೊಟ್ಟಿ ಬಡೀತ ಕೇಳ್ದೆ. ಮೊದಲನೇ ಹಾಳಿಯಿಂದ ಕೊನೀ ಹಾಳಿಗಂಟ. ಒಂದೂ ಬಿಟ್ಟಿಲ್ಲ."

ನಾನೇ ಕುರ್ಚಿ ಎಳೆದು ಹಾಕಿದೆ. ಯಜಮಾನರಿಗೆ ಚಹಾ ಮಾಡಲು ಹೇಳಿದೆ. ಸೆರಗು ಸರಿಮಾಡಿಕೊಂಡು ಎದುರು ಕುಳಿತೆ. "ಹೇಳಿ. ಅನಿಸಿದ್ದನ್ನು ಹಾಗೇ ಹೇಳಿ."

ಆಕೆ ಕಸಬರಿಗೆಯ ಕಡ್ಡಿ ಇಟ್ಟು ಗುರುತು ಮಾಡಿದ್ದ ಪುಟ ತೆರೆದಳು. ಬಸ್ಸಿನಲ್ಲಿ ಆದ ಹೆರಿಗೆಯ ಅಧ್ಯಾಯ. ಕೂಡ್ಲಿಗಿಗೆ ಬರುವ ದಾರಿಯಲ್ಲಿ ನಾನು ಬಸ್ಸು ನಿಲ್ಲಿಸಿ ಮಾಡಿಸಿದ ಹೆರಿಗೆ ಅದು. ನಾಲ್ಕು ಸಲ ತಿದ್ದಿ ಬರೆದಿದ್ದೆ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಹೆಮ್ಮೆಯ ಆರು ಪುಟ.

"ಅವತ್ತು ಬ್ಯಾನಿ ತಿಂದಾಕಿ ನಾನ್ರಿ."

ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ. ಆಕೆ ಮಾತು ಮುಂದುವರಿಸಿದಳು.

"ಡ್ರೈವರು ಬೇವಿನ ಗಿಡದ ನೆಳ್ಳಾಗ ಬಸ್ಸು ನಿಲ್ಸಿದ್ದು ಬರ್ದೀರಿ. ಕಂಡಕ್ಟರು ಗಂಡಸ್ರನ್ನೆಲ್ಲ ಕೆಳಗ ಇಳಿಸಿದ್ದು ಬರ್ದೀರಿ. ಸೆರಗು ಹರ್ದು ಕೂಸಿಗೆ ಸುತ್ತಿದ್ದು ಬರ್ದೀರಿ, ಸೀರಿ ಬಣ್ಣನೂ ಬರ್ದೀರಿ. ನಿಮ್ಮ ಎದಿ ಡವಡವ ಅಂದಿದ್ದು ಎರಡು ಸಲ ಬರ್ದೀರಿ. ನಾನು ಎಲ್ಲಿ ಅದೀನ್ರಿ?"

ಕನ್ನಡಕ ಹಾಕಿಕೊಂಡು ಪುಟ ತಿರುಗಿಸಿದೆ. ಮತ್ತೊಮ್ಮೆ ತಿರುಗಿಸಿದೆ. ಬಸ್ಸಿನಲ್ಲಿದ್ದ ಒಂದು ಕೋಳಿ ಕೂಡ ಸಿಕ್ಕಿತು. ಆಕೆ ಸಿಗಲಿಲ್ಲ.

"ಕೊನೆಗೆ 'ತಾಯಿ, ಮಗು ಕ್ಷೇಮ' ಅಂತ ಇದೆಯಲ್ಲ," ಎಂದೆ. ನನ್ನ ದನಿ ಹಿಂದೆಂದೂ ಅಷ್ಟು ಸಣ್ಣದಾಗಿದ್ದು ನನಗೆ ನೆನಪಿಲ್ಲ. ಒಳಗೆ ಯಜಮಾನರು ಚಹಾದ ಪಾತ್ರೆ ಕೈಬಿಟ್ಟ ಸದ್ದಾಯಿತು.

"ಅದನ್ನೂ ಓದಿದ್ಲು ಬಿಡ್ರಿ," ಎಂದಳು ಆಕೆ. "ಅವತ್ತು ಹುಟ್ಟಿದ ಕೂಸಿಗೇ ಈ ಸೊಸಿನ್ನ ತಂದು ಮದಿವಿ ಮಾಡೀನಿ. ಓದಿ ಮುಗಿಸಿ ಏನ್ ಕೇಳಿದ್ಲು ಗೊತ್ತೇನ್ರಿ? 'ಅತ್ತಿ, ಇದರಾಗ ನಿಮ್ಮ ಸುದ್ದಿನ ಇಲ್ಲಲ್ಲ. ಹಂಗಾದ್ರ ನನ್ನ ಗಂಡನ್ನ ಹಡದಾಂವ ಯಾರು, ಕಂಡಕ್ಟರೇನು?'"